ಕಪ್ಪು ಕುಳಿ ರಾಕ್ಷಸನಲ್ಲ!



ಜಿಲ್ಲೆಯ ಶಾಲೆಗಳಿಗೆ ವಿಜ್ಞಾನದ ಪೆಟ್ಟಿಗೆ ಹೊತ್ತು ತಿರುಗುವುದು ನನ್ನ ಕೆಲಸ. ಒಂದು ಊರಿನಲ್ಲಿ ಮಸೂರ, ಇನ್ನೊಂದು ಊರಿನಲ್ಲಿ ಆಯಸ್ಕಾಂತ, ಮತ್ತೊಂದು ಊರಿನಲ್ಲಿ ಹೂವಿನ ಭಾಗಗಳು. ಆದರೆ ಪಾಠ ಯಾವುದೇ ಇರಲಿ, ಕೊನೆಯಲ್ಲಿ "ಏನಾದರೂ ಕೇಳುವುದಿದೆಯೇ?" ಎಂದ ಕೂಡಲೇ ಹಿಂದಿನ ಸಾಲಿನಿಂದ ಒಂದು ಕೈ ಮೇಲೇಳುತ್ತದೆ.

"ಸಾರ್, ಬ್ಲ್ಯಾಕ್ ಹೋಲ್ ಎಲ್ಲವನ್ನೂ ನುಂಗುತ್ತಂತೆ, ಹೌದಾ? ಭೂಮಿಯನ್ನೂ ನುಂಗುತ್ತಾ?"

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ 2008ನೇ ಇಸವಿಯ ಸೆಪ್ಟೆಂಬರ್ 10 ನೆನಪಾಗುತ್ತದೆ. ಯುರೋಪಿನ ಜಿನೀವಾ ನಗರದ ಬಳಿ, ನೆಲದಡಿಯ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಒಂದು ಭಾರೀ ಯಂತ್ರವನ್ನು ಅಂದು ಚಾಲೂ ಮಾಡಿದರು. ಅದರ ಹೆಸರು ಲಾರ್ಜ್ ಹೇಡ್ರಾನ್ ಕೊಲೈಡರ್. ಪ್ರೋಟಾನ್‌ಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸಿ ಒಂದಕ್ಕೊಂದು ಡಿಕ್ಕಿ ಹೊಡೆಸುವ ಯಂತ್ರ ಅದು. ಅದರಿಂದ ಕಪ್ಪು ಕುಳಿ ಹುಟ್ಟಿ ಭೂಮಿಯನ್ನೇ ನುಂಗಿಬಿಡುತ್ತದೆ ಎಂದು ಕೆಲವು ಟಿ.ವಿ. ವಾಹಿನಿಗಳು ಹಗಲೂ ರಾತ್ರಿ ಹೇಳಿದವು.

ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಶಿಕ್ಷಕ. ಹಿಂದಿನ ದಿನ ಏಳನೇ ತರಗತಿಯಲ್ಲಿ ಒಬ್ಬಳು ಹುಡುಗಿ ಕಪ್ಪು ಕುಳಿ ಎಂದರೇನು ಎಂದು ಕೇಳಿದ್ದಳು. ಬಿಸಿಯೂಟದ ಗಂಟೆ ಹೊಡೆಯುವುದರಲ್ಲಿತ್ತು. "ಅದು ಎಲ್ಲವನ್ನೂ ಎಳೆದು ನುಂಗುತ್ತದೆ, ಬೆಳಕನ್ನೂ ಬಿಡುವುದಿಲ್ಲ" ಎಂದು ಒಂದೇ ಮಾತಿನಲ್ಲಿ ಹೇಳಿ ಹೊರಟುಬಿಟ್ಟೆ. ಮರುದಿನ ಆ ಹುಡುಗಿ ಶಾಲೆಗೆ ಬರಲಿಲ್ಲ. ಅವಳ ತಾಯಿ ಬಂದರು. "ಮೇಷ್ಟ್ರೇ, ಮಗು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಟಿ.ವಿ.ಯವರು ಹೇಳಿದ್ದು ಸುಳ್ಳಿರಬಹುದು ಅಂದೆ. ನಮ್ಮ ಮೇಷ್ಟ್ರೂ ಹಂಗೇ ಹೇಳಿದ್ದಾರೆ ಅಂತಾಳೆ. ಹೌದಾ?" ಎಂದು ಕೇಳಿದರು.

ಎಂ.ಎಸ್ಸಿ. ಓದಿದ್ದ ನನಗೆ ಗುರುತ್ವದ ಸೂತ್ರಗಳು ಬಾಯಿಪಾಠವಾಗಿದ್ದವು. ಆದರೂ ನನ್ನ ಅವಸರದ ಒಂದು ಮಾತು ಒಂದು ಮಗುವಿನ ನಿದ್ದೆ ಕೆಡಿಸಿತ್ತು. ಅಂದಿನಿಂದ ನನಗೊಂದು ಖಚಿತವಾದ ಅಭಿಪ್ರಾಯವಿದೆ. ಕಪ್ಪು ಕುಳಿಯ ಬಗ್ಗೆ ಮಾತನಾಡುವಾಗ 'ಎಲ್ಲವನ್ನೂ ನುಂಗುತ್ತದೆ' ಎಂಬ ಮಾತನ್ನು ನಾವು ಬಿಟ್ಟುಬಿಡಬೇಕು. ನಾವು ಎಂದರೆ ಶಿಕ್ಷಕರು, ಪತ್ರಿಕೆಯವರು, ಟಿ.ವಿ.ಯವರು ಎಲ್ಲರೂ. ಅದರ ಬದಲು ಎರಡು ಪ್ರಶ್ನೆಗಳನ್ನು ಕೇಳಲು ಕಲಿಯಬೇಕು. ರಾಶಿ ಎಷ್ಟು? ದೂರ ಎಷ್ಟು?

ಹೀಗೇಕೆ ಹೇಳುತ್ತೇನೆ? ಬನ್ನಿ, ನೋಡೋಣ.

ಹುಣಸೆ ಬೀಜದ ಲೆಕ್ಕ

ಮೊದಲು ಅಂಗಳದಲ್ಲಿ ಒಂದು ಚಟುವಟಿಕೆ ಮಾಡಿ. ನೆಲದ ಮೇಲೆ ಒಂದು ಕಲ್ಲಿಡಿ. ಅದು ಭೂಮಿಯೋ ಸೂರ್ಯನೋ ಎಂದುಕೊಳ್ಳಿ. ಅಲ್ಲಿಂದ ಒಂದು ಹೆಜ್ಜೆ ದೂರದಲ್ಲಿ 36 ಹುಣಸೆ ಬೀಜಗಳನ್ನು ಇಡಿ. ಎರಡು ಹೆಜ್ಜೆ ದೂರದಲ್ಲಿ 9 ಬೀಜ. ಮೂರು ಹೆಜ್ಜೆ ದೂರದಲ್ಲಿ 4 ಬೀಜ. ಆರು ಹೆಜ್ಜೆ ದೂರದಲ್ಲಿ ಒಂದೇ ಒಂದು ಬೀಜ.

ಬೀಜಗಳ ಸಂಖ್ಯೆ ಆಯಾ ಜಾಗದಲ್ಲಿ ಗುರುತ್ವದ ಸೆಳೆತ ಎಷ್ಟೆಂದು ತೋರಿಸುತ್ತದೆ. ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕನೇ ಒಂದು ಭಾಗ. ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗ. ಆರು ಪಟ್ಟಾದರೆ ಮೂವತ್ತಾರನೇ ಒಂದು ಭಾಗ. ಇದೇ ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮ. ಕಲ್ಲಿನ ರಾಶಿ ಎರಡು ಪಟ್ಟಾದರೆ ಎಲ್ಲ ಕಡೆಯೂ ಬೀಜಗಳು ಎರಡು ಪಟ್ಟಾಗುತ್ತವೆ. ಗಮನಿಸಿದಿರಾ? ಈ ಲೆಕ್ಕದಲ್ಲಿ ರಾಶಿ ಮತ್ತು ದೂರ ಎರಡೇ ಇವೆ. ಕಲ್ಲು ಕಪ್ಪೋ ಬಿಳುಪೋ, ಉರಿಯುತ್ತಿದೆಯೋ ಆರಿದೆಯೋ ಎಂಬ ಮಾತೇ ಇಲ್ಲ!

ಭೂಮಿಯನ್ನು ಹಿಂಡಿದರೆ?

ಈಗ ಒಂದು ಕಲ್ಪನೆ. ಒಂದು ಕಲ್ಲನ್ನು ಮೇಲಕ್ಕೆ ಎಸೆದರೆ ಅದು ಮರಳಿ ಬೀಳುತ್ತದೆ. ಇನ್ನೂ ಜೋರಾಗಿ ಎಸೆದರೆ ಇನ್ನೂ ಎತ್ತರಕ್ಕೆ ಹೋಗಿ ಬೀಳುತ್ತದೆ. ಸೆಕೆಂಡಿಗೆ 11.2 ಕಿಲೋಮೀಟರ್ ವೇಗದಲ್ಲಿ ಎಸೆದರೆ (ಗಾಳಿಯ ತಡೆ ಇಲ್ಲ ಎಂದುಕೊಳ್ಳಿ) ಅದು ಮರಳಿ ಬರುವುದೇ ಇಲ್ಲ. ಇದಕ್ಕೆ ಭೂಮಿಯ ವಿಮೋಚನಾ ವೇಗ ಎನ್ನುತ್ತಾರೆ. ಚಂದ್ರನ ಮೇಲೆ ಇದು ಸೆಕೆಂಡಿಗೆ ಸುಮಾರು 2.4 ಕಿಲೋಮೀಟರ್ ಮಾತ್ರ. ಸೂರ್ಯನ ಮೇಲ್ಮೈಯಿಂದ ತಪ್ಪಿಸಿಕೊಳ್ಳಲು ಸುಮಾರು 618 ಕಿಲೋಮೀಟರ್ ಬೇಕು.

ಭೂಮಿಯ ತ್ರಿಜ್ಯ ಸುಮಾರು 6,400 ಕಿಲೋಮೀಟರ್. ಯಾರೋ ಒಬ್ಬ ಬಲಶಾಲಿ ಇಡೀ ಭೂಮಿಯನ್ನು ರಾಗಿ ಮುದ್ದೆಯಂತೆ ಒತ್ತಿ ಒತ್ತಿ ಚಿಕ್ಕದು ಮಾಡುತ್ತಾನೆ ಎಂದುಕೊಳ್ಳಿ. ಒಂದು ಗ್ರಾಂ ಮಣ್ಣನ್ನೂ ಸೇರಿಸುವುದಿಲ್ಲ, ತೆಗೆಯುವುದಿಲ್ಲ. ತ್ರಿಜ್ಯ 1,600 ಕಿಲೋಮೀಟರಿಗೆ ಇಳಿದಾಗ ವಿಮೋಚನಾ ವೇಗ 22.4 ಕಿಲೋಮೀಟರ್ ಆಗುತ್ತದೆ. 64 ಕಿಲೋಮೀಟರಿಗೆ ಇಳಿದಾಗ 112 ಕಿಲೋಮೀಟರ್. ಇನ್ನೂ ಒತ್ತುತ್ತಾ ಹೋದರೆ, ತ್ರಿಜ್ಯ ಸುಮಾರು 9 ಮಿಲಿಮೀಟರ್ ಆದಾಗ, ಅಂದರೆ ಇಡೀ ಭೂಮಿ ನೀವು ಆಡುವ ಗೋಲಿಯಷ್ಟಾದಾಗ, ವಿಮೋಚನಾ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಮುಟ್ಟುತ್ತದೆ.

ಅದು ಯಾವ ವೇಗ? ಬೆಳಕಿನ ವೇಗ! ವಿಶ್ವದಲ್ಲಿ ಅದಕ್ಕಿಂತ ವೇಗವಾಗಿ ಏನೂ ಓಡಲಾರದು. ಬೆಳಕೇ ಹೊರಬರಲಾರದು ಎಂದ ಮೇಲೆ ಅದು ಕಾಣುವುದೂ ಇಲ್ಲ. ಅದೇ ಕಪ್ಪು ಕುಳಿ.

ಈಗ ಹೇಳಿ. ಭೂಮಿ ಗೋಲಿಯಷ್ಟಾದರೆ ಚಂದ್ರನ ಗತಿ ಏನು? 'ನುಂಗಿಬಿಡುತ್ತದೆ' ಎನ್ನುವಿರಾ? ತಾಳಿ. ಅಂಗಳದ ಬೀಜಗಳನ್ನು ನೋಡಿ. ಭೂಮಿಯ ರಾಶಿ ಬದಲಾಗಿಲ್ಲ. ಅದರ ನಡುಬಿಂದುವಿನಿಂದ ಚಂದ್ರನಿಗಿರುವ 3,84,000 ಕಿಲೋಮೀಟರ್ ದೂರವೂ ಬದಲಾಗಿಲ್ಲ. ಹಾಗಾದರೆ ಸೆಳೆತವೂ ಬದಲಾಗಿಲ್ಲ. ಚಂದ್ರ ಎಂದಿನಂತೆ ಸುಮಾರು 27 ದಿನಗಳಿಗೊಮ್ಮೆ ಆ ಗೋಲಿಯನ್ನು ಸುತ್ತುತ್ತಲೇ ಇರುತ್ತಾನೆ!

ಹಾಗಾದರೆ ಬದಲಾದದ್ದೇನು? ಮೊದಲು ಭೂಮಿಯ ನಡುಬಿಂದುವಿಗೆ 6,400 ಕಿಲೋಮೀಟರಿಗಿಂತ ಹತ್ತಿರ ಹೋಗಬೇಕಾದರೆ ನೆಲ ಅಗೆಯಬೇಕಿತ್ತು. ಅಗೆದು ಒಳಗೆ ಹೋದರೆ ಸ್ವಲ್ಪ ಮಣ್ಣು ನಿಮ್ಮ ತಲೆಯ ಮೇಲಿನಿಂದಲೂ ಎಳೆಯುತ್ತಿತ್ತು. ಈಗ ಎಲ್ಲ ರಾಶಿಯೂ ಗೋಲಿಯಲ್ಲಿದೆ. ಅದರ ತೀರ ಸಮೀಪಕ್ಕೆ ಹೋಗಬಹುದು. ಹೋದಂತೆಲ್ಲ ಬೀಜಗಳು 36, 144, ಸಾವಿರ, ಲಕ್ಷ ಎಂದು ಏರುತ್ತವೆ. ಕಪ್ಪು ಕುಳಿಯ ಭಯಂಕರ ಶಕ್ತಿ ಎನ್ನುವುದು ಇಷ್ಟೇ. ದೂರದಲ್ಲಿ ಅದು ಅಷ್ಟೇ ರಾಶಿಯ ಬೇರೆ ಯಾವುದೇ ವಸ್ತುವಿನಂತೆ ಸಾಧು. ಹತ್ತಿರ ಹೋದವರಿಗೆ ಮಾತ್ರ ಕಷ್ಟ.

ಕುಳಿಯೂ ಅಲ್ಲ!

ಹೆಸರಿನ ಬಗ್ಗೆಯೂ ನನಗೆ ತಕರಾರಿದೆ. 'ಕುಳಿ' ಎಂದೊಡನೆ ನಮಗೆ ಬಾಯಿ ತೆರೆದ ಕೊಳವೆಬಾವಿ ನೆನಪಾಗುತ್ತದೆ. ಆದರೆ ಇದು ನೆಲದಲ್ಲಿ ತೋಡಿದ ಗುಂಡಿಯಲ್ಲ. ಯಾವ ಕಡೆಯಿಂದ ನೋಡಿದರೂ ಚೆಂಡಿನಂತಿರುವ ಒಂದು ಪ್ರದೇಶ. ಅದರ ಅಂಚಿಗೆ ಘಟನಾ ದಿಗಂತ ಎಂದು ಹೆಸರು. ಸೂರ್ಯನಷ್ಟು ರಾಶಿಯ ಕಪ್ಪು ಕುಳಿಗೆ ಆ ಅಂಚು ನಡುಬಿಂದುವಿನಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಿರುತ್ತದೆ. ಅಲ್ಲಿ ಗೋಡೆಯಿಲ್ಲ, ಬೇಲಿಯಿಲ್ಲ. ಆದರೆ ಒಳಗೆ ಹೋದದ್ದು ಹೊರಗೆ ಬರುವಂತಿಲ್ಲ.

ಮಲೆನಾಡಿನ ಮಕ್ಕಳು ಹಳ್ಳದಲ್ಲಿ ಮೀನು ಹಿಡಿಯಲು ಇಡುವ ಬಿದಿರಿನ ಕೂಣಿಯನ್ನು ನೋಡಿರುತ್ತೀರಿ. ಒಳಗೆ ನುಗ್ಗಿದ ಮೀನು ಹೊರಬರಲಾರದು. ಆದರೆ ಕೂಣಿ ಇದೆ ಎಂದು ಇಡೀ ಹಳ್ಳದ ಮೀನೆಲ್ಲ ಅದರೊಳಗೆ ಹೋಗಿ ಬೀಳುತ್ತದೆಯೇ? ಇಲ್ಲ. ಕಪ್ಪು ಕುಳಿಯೂ ಹಾಗೆಯೇ.

ಇನ್ನು ಹತ್ತಿರ ಹೋದವರಿಗೆ ಏನಾಗುತ್ತದೆ? ಬೀಜಗಳನ್ನೇ ಕೇಳಿ. ಎರಡನೇ ಮತ್ತು ಮೂರನೇ ಹೆಜ್ಜೆಗಳ ನಡುವಿನ ವ್ಯತ್ಯಾಸ 5 ಬೀಜ. ಒಂದನೇ ಮತ್ತು ಎರಡನೇ ಹೆಜ್ಜೆಗಳ ನಡುವೆ 27 ಬೀಜ! ಹತ್ತಿರವಾದಂತೆ ಸೆಳೆತ ಮಾತ್ರವಲ್ಲ, ಸೆಳೆತದ ವ್ಯತ್ಯಾಸವೂ ಹೆಚ್ಚುತ್ತದೆ. ಚಿಕ್ಕ ಕಪ್ಪು ಕುಳಿಯ ಕಡೆಗೆ ಕಾಲು ಮುಂದಾಗಿ ಬೀಳುವವನ ಪಾದಗಳನ್ನು ಅದು ತಲೆಗಿಂತ ಎಷ್ಟೋ ಪಟ್ಟು ಜೋರಾಗಿ ಎಳೆಯುತ್ತದೆ. ಒರಳಿನಲ್ಲಿ ಒತ್ತಿದ ಶ್ಯಾವಿಗೆಯಂತೆ ಅವನು ಉದ್ದವಾಗಿಬಿಡುತ್ತಾನೆ.

ಬೆಡ್‌ಶೀಟಿನ ಪಾಠ

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಒಂದು ಮಾದರಿಯನ್ನು ನೀವು ನೋಡಿರಬಹುದು. ನಾಲ್ವರು ಬೆಡ್‌ಶೀಟನ್ನು ಬಿಗಿಯಾಗಿ ಹಿಡಿಯುತ್ತಾರೆ. ನಡುವೆ ಭಾರದ ಗುಂಡು ಇಟ್ಟರೆ ಬಟ್ಟೆ ತಗ್ಗುತ್ತದೆ. ಗೋಲಿ ಬಿಟ್ಟರೆ ಗುಂಡಿನ ಸುತ್ತ ಸುತ್ತಿ ಒಳಗೆ ಬೀಳುತ್ತದೆ. ಆಲ್ಬರ್ಟ್ ಐನ್‌ಸ್ಟೈನ್ 1915ರಲ್ಲಿ ಹೇಳಿದ್ದನ್ನು ತೋರಿಸಲು ಈ ಮಾದರಿ. ರಾಶಿ ಇರುವಲ್ಲಿ ದೇಶ ಮತ್ತು ಕಾಲ ಎರಡೂ ಬಾಗುತ್ತವೆ, ಆ ಬಾಗನ್ನೇ ನಾವು ಗುರುತ್ವ ಎನ್ನುತ್ತೇವೆ ಎಂಬುದು ಅವರ ಸಿದ್ಧಾಂತ. ಬೆಳಕಿಗೆ ರಾಶಿಯಿಲ್ಲ. ಆದರೂ ಅದು ಗುರುತ್ವಕ್ಕೆ ಏಕೆ ಸಿಕ್ಕಿಕೊಳ್ಳುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ದಾರಿಯೇ ಬಾಗಿದ್ದರೆ ಬೆಳಕೂ ಆ ದಾರಿಯಲ್ಲೇ ಹೋಗಬೇಕಲ್ಲವೇ?

ಈ ಮಾದರಿಯನ್ನು ನಾನೂ ಹಲವು ವರ್ಷ ತೋರಿಸಿದೆ. ಒಮ್ಮೆ ಆರನೇ ತರಗತಿಯ ಹುಡುಗನೊಬ್ಬ ಕೇಳಿದ: "ಸಾರ್, ಬಟ್ಟೆಯಲ್ಲಿ ಗೋಲಿ ಕೆಳಗೆ ಜಾರುವುದು ಭೂಮಿ ಎಳೆಯುವುದರಿಂದ ತಾನೇ? ಗುರುತ್ವ ಏನು ಅಂತ ತೋರಿಸಲು ಗುರುತ್ವವನ್ನೇ ಬಳಸಿದರೆ ಹೇಗೆ?" ನಾನು ನಿಂತಲ್ಲೇ ನಿಂತೆ. ಎಂತಹ ಪ್ರಶ್ನೆ! ಆ ಮಾದರಿಯಲ್ಲಿ ಇನ್ನೂ ಒಂದು ದೋಷವಿದೆ. ಬಟ್ಟೆಯ ತಿಕ್ಕಾಟದಿಂದ ಗೋಲಿ ನಿಧಾನವಾಗಿ ಒಳಗೆ ಬೀಳುತ್ತದೆ. ನೋಡಿದ ಮಕ್ಕಳು 'ಓಹೋ, ಸುತ್ತುವುದೆಲ್ಲ ಕೊನೆಗೆ ಒಳಗೆ ಬೀಳುತ್ತದೆ' ಎಂದು ತಿಳಿಯುತ್ತಾರೆ. ಆಕಾಶದಲ್ಲಿ ಆ ಬಟ್ಟೆಯೂ ಇಲ್ಲ, ಆ ತಿಕ್ಕಾಟವೂ ಇಲ್ಲ. ಅದಕ್ಕೇ ಭೂಮಿ 450 ಕೋಟಿ ವರ್ಷಗಳಿಂದ ಸೂರ್ಯನನ್ನು ಸುತ್ತುತ್ತಿದ್ದರೂ ಅದರೊಳಗೆ ಬಿದ್ದಿಲ್ಲ. ಈಗ ಬೆಡ್‌ಶೀಟ್ ತೋರಿಸುವ ಮೊದಲು ಅದರ ದೋಷಗಳನ್ನೂ ಹೇಳುತ್ತೇನೆ.

ಐನ್‌ಸ್ಟೈನರ ಈ ಲೆಕ್ಕ ಬರೀ ಕಪ್ಪು ಕುಳಿಗೆ ಎಂದು ತಿಳಿಯಬೇಡಿ. ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳಲ್ಲಿ ಗಡಿಯಾರಗಳಿವೆ. ಅಲ್ಲಿ ಗುರುತ್ವ ಕಡಿಮೆ. ಉಪಗ್ರಹದ ವೇಗದ ಲೆಕ್ಕವನ್ನೂ ಸೇರಿಸಿದರೆ ಆ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ. ಅದನ್ನು ಸರಿಪಡಿಸದಿದ್ದರೆ ಮೊಬೈಲಿನ ನಕ್ಷೆ ನಿಮ್ಮನ್ನು ಬೇರೆ ಊರಿಗೇ ಕಳಿಸೀತು!

ಹೇಗೆ ಗೊತ್ತು?

ಕಾಣದ ವಸ್ತು ಇದೆ ಎಂದು ಹೇಗೆ ಹೇಳುತ್ತೀರಿ ಎಂದು ನೀವು ಕೇಳಬೇಕು. ಕೇಳಿದರೆ ನನಗೆ ಸಂತೋಷ.

ಇಂಗ್ಲೆಂಡಿನ ಪಾದ್ರಿ ಜಾನ್ ಮಿಶೆಲ್ 1783ರಲ್ಲೇ ಒಂದು ಲೆಕ್ಕ ಮಾಡಿದ್ದರು. ಸೂರ್ಯನಷ್ಟೇ ಸಾಂದ್ರತೆಯಿದ್ದು ವ್ಯಾಸ ಸೂರ್ಯನ 500 ಪಟ್ಟಿದ್ದರೆ ಆ ನಕ್ಷತ್ರದಿಂದ ಬೆಳಕು ತಪ್ಪಿಸಿಕೊಳ್ಳಲಾರದು ಎಂದು. 1930ರಲ್ಲಿ ಹತ್ತೊಂಬತ್ತು ವರ್ಷದ ನಮ್ಮ ದೇಶದ ಹುಡುಗನೊಬ್ಬ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಾ ಮತ್ತೊಂದು ಲೆಕ್ಕ ಮಾಡಿದ. ಉರುವಲು ಮುಗಿದ ನಕ್ಷತ್ರ ಕುಗ್ಗಿ ಶ್ವೇತಕುಬ್ಜವಾಗಿ ನಿಲ್ಲಬೇಕಾದರೆ ಅದರ ರಾಶಿ ಒಂದು ಮಿತಿಯನ್ನು ಮೀರಬಾರದು. ಆ ಮಿತಿ ಸೂರ್ಯನ ರಾಶಿಯ ಸುಮಾರು 1.4 ಪಟ್ಟು ಎಂದು ಈಗ ಗೊತ್ತಾಗಿದೆ. ಆ ಹುಡುಗನೇ ಸುಬ್ರಹ್ಮಣ್ಯನ್ ಚಂದ್ರಶೇಖರ್. 1935ರಲ್ಲಿ ಹೆಸರಾಂತ ವಿಜ್ಞಾನಿ ಆರ್ಥರ್ ಎಡಿಂಗ್ಟನ್ ತುಂಬಿದ ಸಭೆಯಲ್ಲಿ ಅವರನ್ನು ಹಾಸ್ಯ ಮಾಡಿದರು. ಆದರೆ ಲೆಕ್ಕ ಸರಿಯಾಗಿತ್ತು. 1983ರಲ್ಲಿ ಚಂದ್ರಶೇಖರ್ ಅವರಿಗೆ ನೊಬೆಲ್ ಬಹುಮಾನ ಬಂತು.

ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಸಿ.ವಿ. ವಿಶ್ವೇಶ್ವರ ಅವರನ್ನು ನೀವು ತಿಳಿದಿರಬೇಕು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರು ಅವರು. ಕಪ್ಪು ಕುಳಿಯನ್ನು ಅಲುಗಿಸಿದರೆ ಏನಾಗುತ್ತದೆ ಎಂದು ಅವರು 1970ರಲ್ಲಿ ಲೆಕ್ಕ ಹಾಕಿದರು. ಗುಡಿಯ ಗಂಟೆ ಹೊಡೆದಾಗ ನಾದ ಮೊಳಗಿ ನಿಧಾನವಾಗಿ ಅಡಗುವಂತೆ, ಕಪ್ಪು ಕುಳಿಯೂ ಗುರುತ್ವದ ಅಲೆಗಳನ್ನು ಹೊಮ್ಮಿಸಿ ಶಾಂತವಾಗುತ್ತದೆ ಎಂದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳು ಅಂಥ ಅಲೆಯನ್ನು ಮೊದಲ ಬಾರಿಗೆ ಹಿಡಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಸೂರ್ಯನ 36 ಪಟ್ಟು ಮತ್ತು 29 ಪಟ್ಟು ರಾಶಿಯ ಎರಡು ಕಪ್ಪು ಕುಳಿಗಳು ಒಂದಾಗಿದ್ದವು. ನಲವತ್ತೈದು ವರ್ಷಗಳ ಹಿಂದಿನ ತಮ್ಮ ಲೆಕ್ಕಕ್ಕೆ ಪ್ರಕೃತಿ ಉತ್ತರ ಕೊಟ್ಟದ್ದನ್ನು ವಿಶ್ವೇಶ್ವರ ಅವರು ಕೇಳಿದರು. 2017ರ ಜನವರಿಯಲ್ಲಿ ಅವರು ತೀರಿಕೊಂಡರು.

ನಮ್ಮ ಕ್ಷೀರಪಥದ ನಡುವೆಯೂ ಒಂದು ಕಪ್ಪು ಕುಳಿ ಇದೆ. ಅದರ ರಾಶಿ ಸೂರ್ಯನ ಸುಮಾರು 43 ಲಕ್ಷ ಪಟ್ಟು. ಅದರ ಸಮೀಪದ ಎಸ್2 ಎಂಬ ನಕ್ಷತ್ರ ಸುಮಾರು 16 ವರ್ಷಗಳಿಗೊಮ್ಮೆ ಅದನ್ನು ಸುತ್ತುತ್ತದೆ. 2018ರಲ್ಲಿ ಅದು ತೀರ ಹತ್ತಿರ ಹೋಯಿತು. ನುಂಗಿತೇ? ಇಲ್ಲ! ಸೆಕೆಂಡಿಗೆ ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ತಿರುವು ಪಡೆದು ಮತ್ತೆ ದೂರ ಸರಿಯಿತು. ಈ ಕಪ್ಪು ಕುಳಿಯ ಸುತ್ತಲಿನ ಹೊಳೆಯುವ ಅನಿಲದ ಚಿತ್ರವನ್ನು 2022ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 2019ರ ಏಪ್ರಿಲ್‌ನಲ್ಲಿ, ಎಂ87 ಎಂಬ ದೂರದ ಗೆಲಾಕ್ಸಿಯ ಕಪ್ಪು ಕುಳಿಯ ಚಿತ್ರ ಬಂದಿತ್ತು.

ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟ. ಈವರೆಗೆ ಗೊತ್ತಾಗಿರುವ ಕಪ್ಪು ಕುಳಿಗಳಲ್ಲಿ ನಮಗೆ ಅತಿ ಸಮೀಪದ್ದು ಗಾಯಾ ಬಿಎಚ್1. ಇದು 2022ರಲ್ಲಿ ಪತ್ತೆಯಾಯಿತು. ರಾಶಿ ಸೂರ್ಯನ ಸುಮಾರು 10 ಪಟ್ಟು. ಅದರ ಸುತ್ತ ನಮ್ಮ ಸೂರ್ಯನಂಥದೇ ಒಂದು ನಕ್ಷತ್ರ ಸುಮಾರು 186 ದಿನಗಳಿಗೊಮ್ಮೆ ಸುತ್ತುತ್ತಿದೆ. ಅವೆರಡರ ನಡುವಿನ ಅಂತರ ಭೂಮಿ ಮತ್ತು ಸೂರ್ಯರ ಅಂತರಕ್ಕಿಂತ ತುಸು ಹೆಚ್ಚು, ಅಷ್ಟೆ. ಪಕ್ಕದಲ್ಲೇ ಇದ್ದರೂ ನಕ್ಷತ್ರ ಕ್ಷೇಮವಾಗಿದೆ! ನಮಗೋ ಅದು 1,560 ಜ್ಯೋತಿರ್ವರ್ಷ ದೂರ. ನಾವು ಹೆದರಬೇಕೇ, ನೀವೇ ಹೇಳಿ.

ಹಾಗೆಂದು ಕಪ್ಪು ಕುಳಿ ಏನನ್ನೂ ಒಳಗೆ ಎಳೆದುಕೊಳ್ಳುವುದಿಲ್ಲ ಎಂದೂ ಅಲ್ಲ. ಪಕ್ಕದ ನಕ್ಷತ್ರ ತೀರ ಹತ್ತಿರವಿದ್ದರೆ ಅದರ ಅನಿಲ ಹರಿದು ಬರುತ್ತದೆ. ಆ ಅನಿಲದೊಳಗೆ ತಿಕ್ಕಾಟವಿದೆ. ಅದು ಸುತ್ತುತ್ತಾ ಕಾದು ಎಕ್ಸ್ ಕಿರಣಗಳನ್ನು ಸೂಸಿ ಒಳಗೆ ಬೀಳುತ್ತದೆ. ನಮ್ಮ ಇಸ್ರೋ 2015ರಲ್ಲಿ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹ ಇಂಥ ಎಕ್ಸ್ ಕಿರಣಗಳನ್ನೂ ಅಧ್ಯಯನ ಮಾಡಿದೆ. ಕಪ್ಪು ಕುಳಿ ಕಾಣದು, ಅದರ ಸುತ್ತಲಿನ ಬಿಸಿ ಅನಿಲ ಕಾಣುತ್ತದೆ.

ಆ ತಾಯಿಗೆ ಹೇಳಬೇಕಾಗಿದ್ದ ಉತ್ತರ

"ರೋಚಕವಾಗಿ ಹೇಳಿದರೆ ತಾನೇ ಮಕ್ಕಳಿಗೆ ಆಸಕ್ತಿ ಬರುವುದು?" ಎಂದು ಕೆಲವು ಶಿಕ್ಷಕ ಮಿತ್ರರು ನನ್ನನ್ನು ಕೇಳುತ್ತಾರೆ. ಆಸಕ್ತಿ ಬೇಕು, ನಿಜ. ಆದರೆ ಹೆದರಿಕೆ ಆಸಕ್ತಿಯಲ್ಲ. ಹೆದರಿದವರು ಕಣ್ಣು ಮುಚ್ಚುತ್ತಾರೆ, ಆಸಕ್ತಿ ಇದ್ದವರು ಕಣ್ಣು ತೆರೆಯುತ್ತಾರೆ. ಇಡೀ ಭೂಮಿ ಗೋಲಿಯಷ್ಟಾದರೂ ಚಂದ್ರ ತನ್ನ ದಾರಿ ಬಿಡುವುದಿಲ್ಲ ಎಂಬ ನಿಜ ಯಾವ ರಾಕ್ಷಸನ ಕಥೆಗಿಂತ ಕಡಿಮೆ ರೋಚಕ?

ಅಂದು ಆ ತಾಯಿಗೆ ನಾನು "ಏನೂ ಆಗುವುದಿಲ್ಲ, ಹೆದರಬೇಡಿ" ಎಂದಷ್ಟೇ ಹೇಳಿದೆ. ಅದು ಸಾಲದು. ನಾನು ಹೀಗೆ ಹೇಳಬೇಕಿತ್ತು: "ಅಮ್ಮಾ, ಆ ಯಂತ್ರದಲ್ಲಿ ಡಿಕ್ಕಿ ಹೊಡೆಯುವುದು ಕಣ್ಣಿಗೆ ಕಾಣದ ಪ್ರೋಟಾನ್‌ಗಳು. ಅವುಗಳಿಂದ ಏನೇ ಹುಟ್ಟಿದರೂ ಅದರ ರಾಶಿ ಒಂದು ಧೂಳಿನ ಕಣಕ್ಕಿಂತ ಎಷ್ಟೋ ಕಡಿಮೆ, ಸೆಳೆತವೂ ಅಷ್ಟೇ ಕಡಿಮೆ. ಅದಕ್ಕಿಂತ ಜೋರಿನ ಡಿಕ್ಕಿಗಳು ವಿಶ್ವಕಿರಣಗಳಿಂದ ನಮ್ಮ ವಾಯುಮಂಡಲದಲ್ಲಿ ಕೋಟಿಗಟ್ಟಲೆ ವರ್ಷಗಳಿಂದ ಆಗುತ್ತಲೇ ಇವೆ. ಭೂಮಿ ಇನ್ನೂ ಇದೆ." ಆ ಯಂತ್ರ 2012ರಲ್ಲಿ ಹಿಗ್ಸ್ ಬೋಸಾನ್ ಎಂಬ ಕಣವನ್ನು ಪತ್ತೆ ಮಾಡಲು ನೆರವಾಯಿತು. ಯಾರನ್ನೂ ನುಂಗಲಿಲ್ಲ.

ಮಕ್ಕಳೇ, ಮುಂದೆಯೂ ಇಂಥ ಸುದ್ದಿಗಳು ಬರುತ್ತವೆ. ಟಿ.ವಿ.ಯಲ್ಲಿ, ಮೊಬೈಲಿನಲ್ಲಿ 'ಭೂಮಿಗೆ ಗಂಡಾಂತರ' ಎಂದು ಯಾರೋ ಕೂಗುತ್ತಾರೆ. ಆಗ ಮನೆಯವರ ಜೊತೆ ಕುಳಿತು ಕೇಳಿ: ರಾಶಿ ಎಷ್ಟು? ದೂರ ಎಷ್ಟು? ಹೇಗೆ ಗೊತ್ತು? ಉತ್ತರ ಸಿಗದಿದ್ದರೆ ನಿಮ್ಮ ಶಿಕ್ಷಕರನ್ನು ಕೇಳಿ. ಅವರು ಅವಸರದಲ್ಲಿದ್ದರೆ ಮರುದಿನ ಮತ್ತೆ ಕೇಳಿ. ಬೇಸರ ಮಾಡಿಕೊಳ್ಳುವುದಿಲ್ಲ ಎಂದು ಅವರ ಪರವಾಗಿ ನಾನು ಮಾತು ಕೊಡುತ್ತೇನೆ.

ಈಗ ಅಂಗಳಕ್ಕೆ ಹೋಗಿ ಹುಣಸೆ ಬೀಜ ಎಣಿಸಿ. ಕಲ್ಲಿನಿಂದ ಅರ್ಧ ಹೆಜ್ಜೆ ದೂರದಲ್ಲಿ ಎಷ್ಟು ಬೀಜ ಇಡಬೇಕು? ಕಾಲು ಹೆಜ್ಜೆ ದೂರದಲ್ಲಿ ಎಷ್ಟು? ಲೆಕ್ಕ ಮಾಡಿ ಇಟ್ಟಿರಿ. ನಿಮ್ಮ ಶಾಲೆಗೆ ಬಂದಾಗ ನೋಡುತ್ತೇನೆ.